ಜಡೆಯ ಬ್ಯಾಂಡು, ದರ್ಜಿಯ ಚಿಂದಿ, ತೋಟದ ಮಣ್ಣು

(ಮಹಿಳಾ ಗುಂಪುಗಳು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪಶ್ಚಿಮ ಘಟ್ಟದ ಅಳಿವು ಉಳಿವನ್ನು ಕುರಿತ ಸಭೆಗಳಲ್ಲಿ ನದಿ ತಿರುವು, ಗಣಿಗಾರಿಕೆ, ಏಕಜಾತಿಯ ನೆಡುತೋಪು, ಗಾಡ್ಗೀಳ್ ಸಮಿತಿಯ 2011ರ ವರದಿ ಇವುಗಳ ಪ್ರಸ್ತಾಪ ಬರುವುದು ವಾಡಿಕೆ. ತಲೆಗೂದಲು ಕಟ್ಟುವ ಬಟ್ಟೆಯ ಬ್ಯಾಂಡಿನ ಪ್ರಸ್ತಾಪ ಬರುವುದಿಲ್ಲ. ಬಂದರೆ ಸಭೆಯ ಹಿಂದಿನ ಸಾಲಿನಲ್ಲಿ ನಗೆ ಹುಟ್ಟಬಹುದು. ನಕ್ಕರೂ ಅಡ್ಡಿಯಿಲ್ಲ. ಆದರೆ ನಗುವ ಮೊದಲು ಮಲೆನಾಡಿನ ಯಾವುದೇ ಊರಿನಲ್ಲಿ ರವಿಕೆ ಹೊಲಿದು ಬದುಕುವ ಹೆಣ್ಣುಮಗಳೊಬ್ಬಳ ಮನೆಯ ಜಗಲಿಗೆ ಹೋಗಿ, ಹೊಲಿಗೆ ಯಂತ್ರದ ಕೆಳಗೆ ಬಗ್ಗಿ ನೋಡಬೇಕು. ಅಲ್ಲೊಂದು ಗೋಣಿಚೀಲ ಇರುತ್ತದೆ. ಅದರ ತುಂಬ ಕತ್ತರಿಸಿ ಉಳಿದ ಬಟ್ಟೆಯ ಚೂರುಗಳು. ಕಂಕುಳಿನ ತಿರುವು, ಕೊರಳಿನ ತಿರುವು ಇವೆಲ್ಲ ಬಾಗಿದ ಗೆರೆಗಳು, ಬಟ್ಟೆಯೋ ಚೌಕಾಕಾರದ್ದು. ಚೌಕದಿಂದ ಬಾಗಿದ ಆಕಾರವನ್ನು ಕತ್ತರಿಸಿದಾಗ ಮೂಲೆಗಳು ಉಳಿಯಲೇಬೇಕು. ಎಷ್ಟೇ ಚತುರಳಾದ ದರ್ಜಿಯೂ ಈ ಲೆಕ್ಕವನ್ನು ಮೀರಲಾರಳು.

ಆ ಚೀಲ ತುಂಬಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬುದು ಪ್ರಶ್ನೆ. ಪೇಟೆಯಲ್ಲಾದರೆ ಕಸದ ವಾಹನ ಒಯ್ಯುತ್ತದೆ. ಒಂಟಿ ಮನೆಗಳ ಮಲೆನಾಡಿನಲ್ಲಿ ಬಹುಪಾಲು ಅದು ಬಚ್ಚಲೊಲೆಗೆ ಹೋಗುತ್ತದೆ. ಅಡಿಕೆ ಸಿಪ್ಪೆ, ತೆಂಗಿನ ಗರಿ, ಒಣಗಿದ ಹಾಳೆಗಳ ಜೊತೆಗೆ ಒಂದು ಹಿಡಿ ಚಿಂದಿಯೂ ಹಂಡೆಯ ಕೆಳಗೆ ಸೇರುತ್ತದೆ. ಮಳೆಗಾಲದಲ್ಲಿ ಒದ್ದೆ ಕಟ್ಟಿಗೆಗೆ ಬೆಂಕಿ ಹಿಡಿಸಲು ಅದಕ್ಕಿಂತ ಸುಲಭದ ವಸ್ತು ಇನ್ನೊಂದಿಲ್ಲ. ಮರುದಿನ ಬೆಳಿಗ್ಗೆ ಒಲೆಯ ಬೂದಿಯನ್ನು ಗೋರಿ ಗೊಬ್ಬರಗುಂಡಿಗೋ ತರಕಾರಿ ಮಡಿಗೋ ಹಾಕುತ್ತಾರೆ. ಬದನೆ, ಅಲಸಂದೆಗೆ ಹೇನು ಹತ್ತಿದರೆ ಮೇಲಿನಿಂದ ಉದುರಿಸುತ್ತಾರೆ. ಬೂದಿಯಲ್ಲಿ ಪೊಟ್ಯಾಷ್ ಇದೆ; ಅದು ಒಳ್ಳೆಯ ಗೊಬ್ಬರ. ಹಿಂದಿನವರ ಈ ಪದ್ಧತಿಯಲ್ಲಿ ದೋಷವಿರಲಿಲ್ಲ, ಏಕೆಂದರೆ ಹಿಂದಿನವರ ಚಿಂದಿ ಹತ್ತಿಯ ಚಿಂದಿಯಾಗಿತ್ತು.

ಒಲೆ ಬದಲಾಗಲಿಲ್ಲ, ಚಿಂದಿ ಬದಲಾಯಿತು. 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ರಸಾಯನಶಾಸ್ತ್ರಜ್ಞರು ಪಾಲಿಯೆಸ್ಟರ್ ನೂಲನ್ನು ರೂಪಿಸಿದರು. ಟೆರಿಲಿನ್, ಟೆರಿಕಾಟ್ ಎಂಬ ಹೆಸರುಗಳಲ್ಲಿ ಅದು ಹಳ್ಳಿಯ ಅಂಗಡಿಗಳಿಗೂ ಬಂದಿತು. ಇಸ್ತ್ರಿ ಬೇಡ, ಬೇಗ ಒಣಗುತ್ತದೆ, ವರ್ಷಗಟ್ಟಲೆ ಬಾಳುತ್ತದೆ ಎಂದು ಜನ ಮೆಚ್ಚಿದರು. ಮೆಚ್ಚಿದ್ದು ತಪ್ಪಲ್ಲ, ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಬಟ್ಟೆ ಬೇಗ ಒಣಗುವುದು ಸಣ್ಣ ಉಪಕಾರವಲ್ಲ. ಇಂದು ದರ್ಜಿಯ ಚೀಲದಲ್ಲಿ ಸ್ಯಾಟಿನ್, ಜಾರ್ಜೆಟ್, ಕ್ರೇಪ್ ಎಂಬ ಹೊಳೆಯುವ, ಜಾರುವ ಚೂರುಗಳದ್ದೇ ಬಹುಮತ. ಹತ್ತಿ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಸುಮಾರು 260 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗಿ ತೊಟ್ಟಿಕ್ಕುತ್ತದೆ, ಅರೆಬರೆ ಉರಿದು ಕಪ್ಪು ಹೊಗೆ ಕಾರುತ್ತದೆ, ತಣಿದ ಮೇಲೆ ಗಾಜಿನ ಹರಳಿನಂತೆ ಗಟ್ಟಿಯಾಗುತ್ತದೆ. ನೈಲಾನ್ ಮತ್ತು ಅಕ್ರಿಲಿಕ್‌ಗಳಲ್ಲಿ ಸಾರಜನಕವಿರುವುದರಿಂದ ಅವುಗಳ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲವೂ ಇರಬಲ್ಲದು. ರೆಕ್ಸಿನ್ ಚೂರು ಸೇರಿದರೆ ಅದರಲ್ಲಿನ ಪಿವಿಸಿಯಿಂದ ಕ್ಲೋರಿನ್ನಿನ ಸಂಯುಕ್ತಗಳು, ಡಯಾಕ್ಸಿನ್ ಎಂಬ ಬಹುಕಾಲ ಉಳಿಯುವ ವಿಷವೂ ಸೇರಿ, ಹುಟ್ಟುತ್ತವೆ. ಈ ಹೊಗೆಯನ್ನು ಕುಡಿಯುವವರು ಯಾರು? ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತು ಊದುಗೊಳವೆ ಹಿಡಿದವರು. ಮನೆಯ ಗಂಡಸು ಅಲ್ಲಿ ಕುಳಿತಿರುವುದು ವಿರಳ.

ಹೊಗೆ ಗಾಳಿಗೆ ಹೋಯಿತು, ಕರಗಿ ಗಟ್ಟಿಯಾದ ಕಪ್ಪು ಹರಳುಗಳು ಬೂದಿಯೊಡನೆ ತೋಟಕ್ಕೆ ಹೋದವು. ಅಡಿಕೆಯ ಬುಡ ಬಿಡಿಸುವಾಗ ಗುದ್ದಲಿಗೆ ಸಿಕ್ಕುವ ಬಣ್ಣದ ಎಳೆಗಳನ್ನೂ ಕರಿ ಉಂಡೆಗಳನ್ನೂ ಗಮನಿಸಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಆದ್ದರಿಂದ ಜಡೆಯ ಬ್ಯಾಂಡಿನ ಮಾತು ಇಲ್ಲಿಂದ ಶುರುವಾಗುತ್ತದೆ: ಚಿಂದಿ ಒಲೆಗೆ ಹೋಗದಂತೆ ಮಾಡಲು ಅದಕ್ಕೊಂದು ಕೆಲಸ ಕೊಡಬೇಕು. ಕನ್ನಡನಾಡಿಗೆ ಇದು ಹೊಸ ವಿಚಾರವೇನಲ್ಲ. ಬಯಲುಸೀಮೆಯ ಕೌದಿ ಇದೇ ವಿಚಾರದ ಫಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡು ಸೀಮೆಯ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದಿಟ್ಟು, ಅಂಚಿನಿಂದ ನಡುವಿಗೆ ಸಾಗುತ್ತ ಕೈಹೊಲಿಗೆಯಲ್ಲೇ ಮುಗಿಸುವ ಹೊದಿಕೆಗಳು ಹೊರದೇಶಗಳ ಪ್ರದರ್ಶನಾಲಯಗಳವರೆಗೂ ಹೋಗಿವೆ. ಆದರೆ ಕೌದಿಗೆ ತಿಂಗಳುಗಟ್ಟಲೆ ಬಿಡುವು ಬೇಕು. ಬ್ಯಾಂಡಿಗೆ ಅರ್ಧ ಗಂಟೆ ಸಾಕು. ಶಾಲೆಗೆ ಹೋಗುವ ಹುಡುಗಿಯೂ ಹೊಲಿಯಬಹುದು. ಹುಡುಗನೂ ಹೊಲಿಯಬಹುದು, ಸೂಜಿಗೆ ಗಂಡು ಹೆಣ್ಣಿನ ಭೇದವಿಲ್ಲ.

ಪೇಟೆಯಲ್ಲಿ ಸ್ಕ್ರಂಚಿ ಎಂದು ಕರೆಸಿಕೊಳ್ಳುವ ಈ ನೆರಿಗೆಯ ಬ್ಯಾಂಡಿನ ಹುಟ್ಟೂ ಮನೆಯ ಹೊಲಿಗೆಯಲ್ಲೇ ಆದದ್ದು. 1986ರಲ್ಲಿ ಅಮೆರಿಕದ ರೋಮಿ ರೆವ್ಸನ್ ಎಂಬ ಗಾಯಕಿ, ರಾಸಾಯನಿಕಗಳಿಂದ ಬಡವಾದ ತನ್ನ ಕೂದಲನ್ನು ಹರಿಯದೆ ಹಿಡಿದಿಡುವ ಸಾಧನವನ್ನು ಹುಡುಕುತ್ತಿದ್ದಳು. ಉಟ್ಟ ಪೈಜಾಮದ ಸೊಂಟಪಟ್ಟಿಯತ್ತ ಅವಳ ಗಮನ ಹೋಯಿತು: ಬಟ್ಟೆಯ ಕೊಳವೆ, ಒಳಗೆ ಇಲಾಸ್ಟಿಕ್. ಬಳಸಿ ಹಳೆಯದಾದ ಹೊಲಿಗೆ ಯಂತ್ರವೊಂದನ್ನು ಕೊಂಡು ತಾನೇ ಮೊದಲ ಮಾದರಿ ಹೊಲಿದಳು; 1987ರಲ್ಲಿ ಅದಕ್ಕೆ ಪೇಟೆಂಟ್ ಪಡೆದಳು. ಲಂಗದ ನೇಫೆಯಲ್ಲಿ ಲಾಡಿ ಪೋಣಿಸಿ ಬಲ್ಲ ಯಾವ ಮಲೆನಾಡಿನ ಹೆಂಗಸಿಗೂ ಈ ತತ್ವ ಅಪರಿಚಿತವಲ್ಲ. ಪೇಟೆಂಟ್ ಒಂದನ್ನು ಬಿಟ್ಟರೆ ಉಳಿದದ್ದೆಲ್ಲ ಅವಳ ಮನೆಯಲ್ಲೇ ಇತ್ತು.

ಕೂದಲಿಗೆ ಬಟ್ಟೆಯ ಬ್ಯಾಂಡು ಏಕೆ ಹಿತ ಎಂಬುದಕ್ಕೂ ಕಾರಣವಿದೆ. ಕೂದಲಿನ ಹೊರಮೈ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಕೂತ ಪದರಗಳಿಂದಾದದ್ದು. ತೆಳ್ಳನೆಯ ಬರಿ ರಬ್ಬರು ಆ ಪದರಗಳಿಗೆ ಅಂಟಿಕೊಂಡು, ಬಿಚ್ಚುವಾಗ ಅವನ್ನು ಎಬ್ಬಿಸಿ ಕಿತ್ತುಬಿಡುತ್ತದೆ. ಅಲ್ಲದೆ ಎಳೆತವೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತದೆ. ಬಟ್ಟೆಯ ಬ್ಯಾಂಡಿನಲ್ಲಿ ಅದೇ ಎಳೆತ ಎರಡು ಮೂರು ಬೆರಳಗಲಕ್ಕೆ ಹರಡಿಕೊಳ್ಳುತ್ತದೆ. ಒದ್ದೆ ಕೂದಲು ಒಣ ಕೂದಲಿಗಿಂತ ಹೆಚ್ಚು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಮಳೆಯಲ್ಲಿ ಗದ್ದೆಯ ಹಾಳಿಯ ಮೇಲೆ ನಡೆದು ಶಾಲೆಗೆ ಹೋಗುವ ಹುಡುಗಿಯರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಹಾಗೆಂದು ಬಟ್ಟೆಯದಾದರೂ ಹಣೆಯ ಚರ್ಮ ಎಳೆಯುವಷ್ಟು ಬಿಗಿದು ಕಟ್ಟಿದರೆ ಅಂಚಿನ ಕೂದಲು ಉದುರುವುದನ್ನು ಯಾವ ಬ್ಯಾಂಡೂ ತಪ್ಪಿಸದು.

ಇನ್ನು ಹೊಲಿಯುವ ಕ್ರಮ. ಬಟ್ಟೆಯ ಪಟ್ಟಿ 9 ಸೆಂಟಿಮೀಟರ್ ಅಗಲ, 50 ಸೆಂಟಿಮೀಟರ್ ಉದ್ದವಿರಬೇಕು. ಇಲಾಸ್ಟಿಕ್ 6 ಮಿಲಿಮೀಟರ್ ಅಗಲದ್ದು, 20 ಸೆಂಟಿಮೀಟರ್ ಉದ್ದ. ಚಿಕ್ಕ ಮಕ್ಕಳಿಗೆ, ತೆಳುಗೂದಲಿನವರಿಗೆ 17 ಸಾಕು. ಬಟ್ಟೆಯು ಇಲಾಸ್ಟಿಕ್‌ಗಿಂತ ಎರಡೂವರೆ ಪಟ್ಟು ಉದ್ದವಿದ್ದರೆ ನೆರಿಗೆ ಚೆನ್ನಾಗಿ ಕೂರುತ್ತದೆ. ಒಂದೇ ಚೂರು 50 ಸೆಂಟಿಮೀಟರ್ ಸಿಗುವುದು ಕಷ್ಟ, ಸಿಗಬೇಕಿಲ್ಲ. 26 ಸೆಂಟಿಮೀಟರಿನ ಎರಡು ಚೂರುಗಳನ್ನು ಜೋಡಿಸಬಹುದು, 14 ಸೆಂಟಿಮೀಟರಿನ ನಾಲ್ಕನ್ನೂ ಜೋಡಿಸಬಹುದು. ಜೋಡಣೆಯ ಗೆರೆಗಳು ನೆರಿಗೆಯಲ್ಲಿ ಮುಚ್ಚಿಹೋಗುತ್ತವೆ. ಇದೇ ಈ ವಸ್ತುವಿನ ವಿಶೇಷ: ರವಿಕೆಗೆ, ಚೀಲಕ್ಕೆ, ಕರವಸ್ತ್ರಕ್ಕೆ ಆಗದ ಚೂರು ಇದಕ್ಕೆ ಆಗುತ್ತದೆ. ಇದಕ್ಕೂ ಆಗದಷ್ಟು ಸಣ್ಣದಾದರೆ ಸೂಜಿದಿಂಬಿನ ಹೊಟ್ಟೆ ತುಂಬಲು ಇಡಬಹುದು.

ಪಟ್ಟಿಯನ್ನು ಉದ್ದಕ್ಕೆ ಎರಡಾಗಿ ಮಡಚಬೇಕು. ಬಟ್ಟೆಯ ಹೊರಮೈ ಒಳಗಿರಬೇಕು. ತೆರೆದ ಅಂಚಿನಿಂದ 1 ಸೆಂಟಿಮೀಟರ್ ಒಳಗೆ ಉದ್ದಕ್ಕೂ ಹೊಲಿಗೆ ಹಾಕಬೇಕು. ಪೆಡಲ್ ಯಂತ್ರವಿದ್ದರೆ ಎರಡು ನಿಮಿಷದ ಕೆಲಸ. ಮಳೆಗಾಲದ ಮಲೆನಾಡಿನಲ್ಲಿ ಕರೆಂಟು ಎಷ್ಟು ದಿನ ಕೈಕೊಟ್ಟರೂ ಪೆಡಲ್ ಕೈಕೊಡುವುದಿಲ್ಲ. ಯಂತ್ರವಿಲ್ಲದವರು ಸೂಜಿಯನ್ನು ಒಂದು ಟಾಕೆ ಹಿಂದಕ್ಕೆ ಒಯ್ದು ಎರಡು ಟಾಕೆ ಮುಂದಕ್ಕೆ ತರುವ ಹೊಲಿಗೆಯಲ್ಲಿ ಹೊಲಿಯಬೇಕು. ಬರಿ ಓಡುಹೊಲಿಗೆ ಹಾಕಿದರೆ ಇಲಾಸ್ಟಿಕ್ ಎಳೆದಾಗ ದಾರ ಕಿತ್ತುಬರುತ್ತದೆ. ಈಗ ಸಿಕ್ಕಿದ ಕೊಳವೆಯ ಒಂದು ತುದಿಗೆ ಸೇಫ್ಟಿ ಪಿನ್ ಚುಚ್ಚಿ, ಅದನ್ನು ಕೊಳವೆಯ ಒಳಗೇ ಸರಿಸುತ್ತ ಹೋದರೆ ಕೊಳವೆ ಮಗುಚಿಕೊಂಡು ಹೊರಮೈ ಹೊರಗೆ ಬರುತ್ತದೆ. ಮೊದಲ ಸಲ ಮಾಡುವವರ ತಾಳ್ಮೆ ಕೆಡುವುದು ಇಲ್ಲೇ. ಪಿನ್ನು ನಡುವೆ ಬಿಚ್ಚಿಕೊಂಡರೆ ಎಳೆದಾಡದೆ ಹೊರಗಿನಿಂದ ಒತ್ತಿ ಮುಚ್ಚಬೇಕು.

ಅದೇ ಪಿನ್ನಿಗೆ ಇಲಾಸ್ಟಿಕ್ ಸಿಕ್ಕಿಸಿ ಕೊಳವೆಯೊಳಗೆ ಪೋಣಿಸಬೇಕು. ಇನ್ನೊಂದು ತುದಿ ಒಳಗೆ ಸೇರಿಹೋಗದಂತೆ ಬಟ್ಟೆಗೆ ಗುಂಡುಸೂಜಿ ಹಾಕಿಡುವುದು ಒಳಿತು. ಇಲಾಸ್ಟಿಕ್‌ನ ಎರಡು ತುದಿಗಳನ್ನು ಗಂಟು ಹಾಕಬಾರದು. ಮಲಗಿದಾಗ ಗಂಟು ತಲೆಗೆ ಒತ್ತುತ್ತದೆ. ಒಂದರ ಮೇಲೊಂದನ್ನು ಒಂದೂವರೆ ಸೆಂಟಿಮೀಟರ್ ಹೊಂದಿಸಿ ಹಿಂದೆ ಮುಂದೆ ಮೂರು ಸಲ ಹೊಲಿಯಬೇಕು. ಕಡೆಗೆ ಕೊಳವೆಯ ಒಂದು ಬಾಯಿಯನ್ನು ಒಳಕ್ಕೆ ಮಡಚಿ, ಇನ್ನೊಂದು ಬಾಯಿಯನ್ನು ಅದರೊಳಗೆ ತೂರಿಸಿ, ಕೈಯಿಂದ ಹೊಲಿದು ಮುಚ್ಚಬೇಕು. ಈ ಕಡೆಯ ಹೊಲಿಗೆಯನ್ನು ಮಾತ್ರ ಯಂತ್ರದಲ್ಲಿ ಹಾಕಬಾರದು. ಏಕೆಂಬುದು ಮುಂದೆ ತಿಳಿಯುತ್ತದೆ.

ಬಟ್ಟೆ ಯಾವುದಿರಬೇಕು? ವಾಯಿಲ್ ಸೀರೆಯ ತುಂಡು, ತೊಳೆದು ತೊಳೆದು ಮೆದುವಾದ ಹಳೆಯ ಪಂಚೆ, ಮಲ್ ಬಟ್ಟೆ ಇವು ಉತ್ತಮ. ಜರಿಯ ಅಂಚು ಬೇಡ, ಕೂದಲನ್ನು ಗೀರುತ್ತದೆ. ಗುಳೇದಗುಡ್ಡದ ಖಣ ನೋಡಲು ಚೆಂದ, ಆದರೆ ತುಸು ಬಿರುಸು. ನೆರಿಗೆ ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. ಇನ್ನೊಂದು ಭಂಡಾರವನ್ನು ಇಲ್ಲಿ ನೆನಪಿಸಬೇಕು. ಮದುವೆ, ಗೃಹಪ್ರವೇಶ, ಅರಿಶಿನ ಕುಂಕುಮ ಎಂದು ಮುತ್ತೈದೆಯರಿಗೆ ಕೊಟ್ಟ ರವಿಕೆ ಕಣಗಳು ಪ್ರತಿ ಮನೆಯ ಟ್ರಂಕಿನಲ್ಲಿ ಹತ್ತಾರು ಬಿದ್ದಿರುತ್ತವೆ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ ಕೊಡುತ್ತ, ಯಾರೂ ಹೊಲಿಸದೆ, ಒಂದೇ ಕಣ ಊರೆಲ್ಲ ಸುತ್ತಿ ಮೊದಲು ಕೊಟ್ಟವರಿಗೇ ಮರಳಿ ಬಂದ ಪ್ರಸಂಗಗಳೂ ಉಂಟು. ಅಂಥ 80 ಸೆಂಟಿಮೀಟರ್ ಉದ್ದ, ಒಂದು ಮೀಟರ್ ಪನ್ನದ ಒಂದು ಕಣದಲ್ಲಿ 16 ಬ್ಯಾಂಡುಗಳು ಆಗುತ್ತವೆ. ಅದು ಹತ್ತಿಯದೋ ಪಾಲಿಯೆಸ್ಟರೋ ಎಂಬುದನ್ನು ಮೊದಲು ಪರೀಕ್ಷಿಸಬೇಕು.

ಪರೀಕ್ಷೆ ಸುಲಭ. ಬಟ್ಟೆಯಿಂದ ನಾಲ್ಕಾರು ಎಳೆ ಕಿತ್ತು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಬೇಕು. ಪಕ್ಕದಲ್ಲಿ ನೀರಿನ ಪಾತ್ರೆ ಇರಬೇಕು, ಮಕ್ಕಳು ಹಿರಿಯರ ಎದುರಿನಲ್ಲೇ ಮಾಡಬೇಕು. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಬೆರಳಲ್ಲಿ ಉಜ್ಜಿದರೆ ಹುಡಿಯಾಗುವ ಬೂದುಬಣ್ಣದ ಬೂದಿ. ರೇಷ್ಮೆ, ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ಪಾಲಿಯೆಸ್ಟರ್ ಆದರೆ ಉರಿ ತಾಗುವ ಮೊದಲೇ ಮುದುಡಿಕೊಳ್ಳುತ್ತದೆ, ಕರಗುತ್ತದೆ, ತಣಿದ ಮೇಲೆ ಕಪ್ಪು ಮಣಿಯಾಗುತ್ತದೆ. ಬೂದಿಯೂ ಮಣಿಯೂ ಎರಡೂ ಕಂಡರೆ ಬೆರಕೆ. ಅಂಗಡಿಯವರು ಕಾಟನ್ ಎಂದು ಕೊಡುವ ಎಷ್ಟೋ ಬಟ್ಟೆ ಈ ಪರೀಕ್ಷೆಯಲ್ಲಿ ಬೆರಕೆಯಾಗಿ ಹೊರಬೀಳುತ್ತದೆ.

ಪಾಲಿಯೆಸ್ಟರ್ ಚೂರುಗಳಲ್ಲಿ ಬ್ಯಾಂಡು ಹೊಲಿಯಬಾರದೇ ಎಂದು ಕೇಳಬಹುದು. ಹೊಲಿಯಬಹುದು, ಹೊಲಿಯಬೇಕು, ಒಲೆಗೆ ಹಾಕುವುದಕ್ಕಿಂತ ತಲೆಗೆ ಹಾಕುವುದು ಲೇಸು. ಆದರೆ ಅವನ್ನು ಬೇರೆಯಾಗಿಯೇ ಹೊಲಿಯಬೇಕು. ಒಂದೇ ಬ್ಯಾಂಡಿನಲ್ಲಿ ಹತ್ತಿಯ ತುಂಡಿಗೆ ಪಾಲಿಯೆಸ್ಟರ್ ತುಂಡನ್ನು ಜೋಡಿಸಿದರೆ, ಅದು ಹಳೆಯದಾದ ದಿನ ಮಣ್ಣಿಗೂ ಸೇರದು, ಬೇರೆಲ್ಲಿಗೂ ಸೇರದು. ಕತ್ತರಿ ಹಿಡಿದ ಹೊತ್ತಿನಲ್ಲಿ ಎರಡು ಚೀಲ ಇಟ್ಟುಕೊಂಡರೆ ಮುಗಿಯುವ ಕೆಲಸ ಇದು.

ಹತ್ತಿಯನ್ನು ಇಷ್ಟು ಹೊಗಳುವಾಗ ಅದರ ಇನ್ನೊಂದು ಮುಖವನ್ನೂ ಹೇಳದಿದ್ದರೆ ಅಪ್ರಾಮಾಣಿಕವಾಗುತ್ತದೆ. ಕರ್ನಾಟಕದ ಹತ್ತಿಯ ಚರಿತ್ರೆ ಧಾರವಾಡದ ಚರಿತ್ರೆ. ಬರ ತಾಳುವ, ಕಡಿಮೆ ಆರೈಕೆಯಲ್ಲಿ ಬೆಳೆಯುವ ಜಯಧರದಂಥ ನಾಡತಳಿಯ ಬಳಗ ಅಲ್ಲಿಯದು. 1972ರಲ್ಲಿ ಕಟರಕಿಯವರು ಅಲ್ಲಿಯೇ ರೂಪಿಸಿದ ವರಲಕ್ಷ್ಮಿ ಎಂಬ ಅಂತರಜಾತಿ ಸಂಕರಣ ತಳಿ ಉದ್ದನೆಯ ಎಳೆಯನ್ನು ಕೊಟ್ಟಿತು. ಆದರೆ ಸಂಕರಣ ತಳಿಗಳ ಬೆನ್ನಿಗೆ ಗೊಬ್ಬರ, ಕೀಟನಾಶಕಗಳ ಅವಲಂಬನೆಯೂ ಬೆಳೆಯಿತು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ಮೇಲಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಕೆಲವು ವರ್ಷ ತಗ್ಗಿದ ಕಾಯಿಕೊರಕದ ಕಾಟ ಗುಲಾಬಿ ಹುಳುವಿನ ರೂಪದಲ್ಲಿ ಮರಳಿತು. ಒಂದು ಮೀಟರ್ ಹತ್ತಿ ಬಟ್ಟೆಯ ಹಿಂದೆ ಇಷ್ಟೆಲ್ಲ ಇದೆ. ಹಾಗಾಗಿ ಬ್ಯಾಂಡು ಹೊಲಿಯಲೆಂದೇ ಹೊಸ ಹತ್ತಿ ಬಟ್ಟೆಯನ್ನು ಕೊಳ್ಳುವುದರಲ್ಲಿ ಪರಿಸರದ ಹಿತವೇನೂ ಇಲ್ಲ. ಚೂರಿನ ವಿಷಯ ಬೇರೆ. ಅದರ ಬೆಲೆಯನ್ನು ಹೊಲ ಈಗಾಗಲೇ ತೆತ್ತಿದೆ.

ಈಗ ಬ್ಯಾಂಡಿನ ಹೊಟ್ಟೆಯೊಳಗಿನ ಇಲಾಸ್ಟಿಕ್. ಬಟ್ಟೆಯ ಬ್ಯಾಂಡು ಕೆಡುವುದು ಬಟ್ಟೆ ಹರಿದು ಅಲ್ಲ, ಇಲಾಸ್ಟಿಕ್ ಸತ್ತು. ಅದರ ಒಳಗಿನ ಎಳೆ ಎರಡು ಬಗೆಯದು. ಒಂದು ರಬ್ಬರು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕದೊಡನೆ ಕಾಯಿಸಿ ರಬ್ಬರನ್ನು ಬಾಳಿಕೆಯ ವಸ್ತುವಾಗಿಸಿದ. ಇನ್ನೊಂದು 1958ರಲ್ಲಿ ಡುಪಾಂಟ್ ಕಂಪೆನಿಯ ಜೋಸೆಫ್ ಶಿವರ್ಸ್ ರೂಪಿಸಿದ ಸ್ಪ್ಯಾಂಡೆಕ್ಸ್. ಅದು ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್. ರಬ್ಬರು ಗಿಡದಿಂದ ಬಂದದ್ದು ಎಂಬ ಸಮಾಧಾನ ಬೇಡ. ಸುಳ್ಯ, ಪುತ್ತೂರು, ಬೆಳ್ತಂಗಡಿಯ ಗುಡ್ಡಗಳನ್ನು ಕಂಡವರಿಗೆ ರಬ್ಬರು ತೋಟ ಕಾಡಿಗೆ ಸಮವಲ್ಲವೆಂದು ಗೊತ್ತು. ಹಾಗೆಂದು ಆ ತೋಟಗಳನ್ನು ಬೈದು ಮುಗಿಸುವಂತೆಯೂ ಇಲ್ಲ. 1964ರ ಒಪ್ಪಂದದ ಬಳಿಕ ಶ್ರೀಲಂಕೆಯಿಂದ ಬಂದ ತಮಿಳು ಕುಟುಂಬಗಳಿಗೆ ಸುಳ್ಯ ಸೀಮೆಯಲ್ಲಿ ಬದುಕು ಕೊಟ್ಟದ್ದೂ ಸರಕಾರಿ ರಬ್ಬರು ತೋಟಗಳೇ.

ರಬ್ಬರಿನ ಎಳೆಗೆ ಎಣ್ಣೆ ಆಗದು. ಎಣ್ಣೆಯನ್ನು ಹೀರಿ ಉಬ್ಬುತ್ತದೆ, ಬಲ ಕಳೆದುಕೊಂಡು ಅಂಟಂಟಾಗುತ್ತದೆ. ತಲೆಗೆ ತೆಂಗಿನೆಣ್ಣೆ ಹಚ್ಚುವ ನಾಡಿನಲ್ಲಿ ರಬ್ಬರು ಬ್ಯಾಂಡಿನ ಆಯುಷ್ಯ ಕಡಿಮೆ ಏಕೆಂಬುದಕ್ಕೆ ಇದೇ ಉತ್ತರ. ಬಿಸಿಲೂ ಗಾಳಿಯಲ್ಲಿನ ಓಜೋನೂ ಅದನ್ನು ಬಿರುಕು ಬಿಡಿಸುತ್ತವೆ. ಅಡಿಕೆ ಬೆಳೆಗಾರರ ಮನೆಗೆ ಇನ್ನೊಂದು ವಿಶೇಷ ಶತ್ರು ಇದೆ. ತಾಮ್ರದ ಅಂಶ ರಬ್ಬರಿನ ವಿಷ; ಅತಿ ಸ್ವಲ್ಪವಾದರೂ ಅದು ರಬ್ಬರನ್ನು ಆಮ್ಲಜನಕಕ್ಕೆ ಬಲಿಕೊಡುತ್ತದೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಮಲೆನಾಡಿನ ಅಡಿಕೆ ತೋಟಗಳಿಗೆ ಈ ಮದ್ದನ್ನು ಪರಿಚಯಿಸಿದಂದಿನಿಂದ ಮೈಲುತುತ್ತ ಕಾಣದ ಮನೆಯೇ ಇಲ್ಲ. ಮದ್ದು ಕಲಸಿದ ಕೈಯಲ್ಲಿ ಬ್ಯಾಂಡನ್ನು ಬಿಗಿಮಾಡಿಕೊಳ್ಳಬಾರದು; ಬ್ಯಾಂಡಿಗೂ ಒಳ್ಳೆಯದಲ್ಲ, ತಲೆಗೂ ಒಳ್ಳೆಯದಲ್ಲ.

ಅಂತೂ ಇಲಾಸ್ಟಿಕ್ ಸಾಯುತ್ತದೆ. ಅಂಗಡಿಯ ಬ್ಯಾಂಡಿನಲ್ಲಿ ಅದರೊಡನೆ ಬಟ್ಟೆಯೂ ಸತ್ತಂತೆ, ಏಕೆಂದರೆ ಎಲ್ಲವನ್ನೂ ಯಂತ್ರದಲ್ಲಿ ಬಿಚ್ಚಲಾರದಂತೆ ಹೊಲಿದಿರುತ್ತಾರೆ. ಮನೆಯಲ್ಲಿ ಹೊಲಿದದ್ದರಲ್ಲಿ ಕಡೆಯ ಬಾಯಿಯನ್ನು ಕೈಯಿಂದ ಮುಚ್ಚಬೇಕು ಎಂದದ್ದು ಇದಕ್ಕೇ. ನಾಲ್ಕು ಟಾಕೆ ಕತ್ತರಿಸಿ, ಹಳೆಯ ಇಲಾಸ್ಟಿಕ್ ಎಳೆದು, ಅದರ ತುದಿಗೇ ಹೊಸದನ್ನು ಕಟ್ಟಿ ಎಳೆದುಕೊಂಡರೆ ಬ್ಯಾಂಡು ಮತ್ತೆ ಹೊಸದು. ಒಂದು ಮೀಟರ್ ಇಲಾಸ್ಟಿಕ್‌ನಲ್ಲಿ ಐದು ಬ್ಯಾಂಡಿಗೆ ಮರುಜೀವ ಬರುತ್ತದೆ. ಇಲಾಸ್ಟಿಕ್ ಬೇಡವೇ ಬೇಡ ಎನ್ನುವವರಿಗೆ ಹಿಂದಿನ ಟೇಪು ಇದ್ದೇ ಇದೆ: 3 ಬೆರಳಗಲ, ಒಂದು ಮೊಳ ಉದ್ದದ ಹತ್ತಿಯ ಪಟ್ಟಿ, ಅಂಚು ಮಡಚಿ ಹೊಲಿದದ್ದು. ಎರಡು ಜಡೆ ಹಾಕಿ ಮಡಚಿ ಕಟ್ಟುವ ಹುಡುಗಿಯರಿಗೆ ಅದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಗಂಟು ಹಾಕಲು ಬರಬೇಕು, ಅಷ್ಟೆ.

ಮಳೆಗಾಲದಲ್ಲಿ ಹತ್ತಿಯ ಬ್ಯಾಂಡಿಗೆ ಬೂಷ್ಟು ಬರುತ್ತದೆ, ಕಪ್ಪು ಚುಕ್ಕೆ ಬೀಳುತ್ತದೆ. ವಾರಕ್ಕೊಮ್ಮೆ ಅಂಟುವಾಳದ ನೊರೆಯಲ್ಲಿ ತೊಳೆದು, ಒಲೆಯ ಮೇಲಿನ ಬಿದಿರಿನ ಗಳಕ್ಕೆ ಹಾಕಬೇಕು. ತೀರ ಬಿಸಿ ತಾಗದಷ್ಟು ಎತ್ತರದಲ್ಲಿ. ಇಬ್ಬರು ಒಂದೇ ಬ್ಯಾಂಡು ಹಾಕಿಕೊಂಡರೆ ಹೇನು ಹಂಚಿಕೊಂಡಂತೆ.

ಇದರಿಂದ ಸಂಪಾದನೆ ಉಂಟೇ ಎಂಬ ಪ್ರಶ್ನೆ ಮಹಿಳಾ ಗುಂಪುಗಳಲ್ಲಿ ಏಳುವುದು ಸಹಜ. ಇಲ್ಲಿ ಸ್ಪಷ್ಟವಾಗಿ ಮಾತಾಡುವುದು ಅಗತ್ಯ. ಕೈಯಲ್ಲಿ ಹೊಲಿದರೆ ಪಳಗಿದವರಿಗೂ ಒಂದಕ್ಕೆ ಸುಮಾರು 20 ನಿಮಿಷ ಹಿಡಿಯುತ್ತದೆ. ಒಂದಕ್ಕೆ 10 ರೂಪಾಯಿ ಸಿಕ್ಕಿತೆಂದುಕೊಂಡರೂ ಗಂಟೆಗೆ 30 ರೂಪಾಯಿ; ಅದರಲ್ಲಿ ದಾರ, ಇಲಾಸ್ಟಿಕ್‌ನ ಖರ್ಚು ಕಳೆಯಬೇಕು. ಅಡಿಕೆ ಸುಲಿದರೂ ಇದಕ್ಕಿಂತ ಹೆಚ್ಚು ಸಿಗುತ್ತದೆ. ಸಂತೆಯಲ್ಲಿ ಡಜನ್ ಲೆಕ್ಕದಲ್ಲಿ ಸುರಿಯುವ ಕಾರ್ಖಾನೆಯ ಮಾಲಿನೊಡನೆ ಬೆಲೆಯಲ್ಲಿ ಸೆಣಸುವುದು ಆಗದ ಮಾತು. ಸ್ವಉದ್ಯೋಗದ ತರಬೇತಿ ಎಂದು ಮೂರು ದಿನ ಕಲಿಸಿ, ಪೇಟೆಯಿಂದ ಥಾನುಗಟ್ಟಲೆ ಹೊಸ ಸ್ಯಾಟಿನ್ ತರಿಸಿ, ಸಾಲವನ್ನೂ ಹೊರಿಸಿ ಹೋಗುವವರಿದ್ದಾರೆ. ಹೊಲಿದ ಮಾಲು ಮಾರಾಟವಾಗದೆ ಗುಂಪಿನ ಕಪಾಟಿನಲ್ಲಿ ಉಳಿಯುತ್ತದೆ, ಸ್ಯಾಟಿನ್ನಿನ ಚೂರು ಮತ್ತೆ ಬಚ್ಚಲೊಲೆಗೆ ಹೋಗುತ್ತದೆ. ಇದನ್ನು ಪರಿಸರಸ್ನೇಹಿ ಉದ್ಯಮ ಎಂದು ಕರೆಯುವುದು ಆ ಹೆಂಗಸರ ದುಡಿಮೆಗೆ ಮಾಡುವ ಅವಮಾನ.

ಲೆಕ್ಕ ಕೂಡಿಬರುವುದು ಒಂದೇ ಕಡೆ: ಈಗಾಗಲೇ ರವಿಕೆ ಹೊಲಿದು ಜೀವನ ಮಾಡುವವಳ ಜಗಲಿಯಲ್ಲಿ. ಅವಳಿಗೆ ಬಟ್ಟೆ ಬಿಟ್ಟಿ, ಯಂತ್ರ ಇದೆ, ಕೈ ಪಳಗಿದೆ. ಮದುವೆಯ ಹಂಗಾಮು ಮುಗಿದು ಗಿರಾಕಿ ಇಲ್ಲದ ಆಷಾಢದ ದಿನಗಳಲ್ಲಿ ಇಪ್ಪತ್ತು ಕೊಳವೆಗಳನ್ನು ಒಂದರ ಹಿಂದೊಂದು, ದಾರ ಕತ್ತರಿಸದೆ, ಯಂತ್ರದ ಸೂಜಿಯ ಕೆಳಗೆ ಹಾಯಿಸಿದರೆ ಸಮಯ ಅರ್ಧಕ್ಕೆ ಇಳಿಯುತ್ತದೆ. ರವಿಕೆ ಒಯ್ಯಲು ಬಂದವಳಿಗೆ ಅದೇ ಬಟ್ಟೆಯ ಬ್ಯಾಂಡೊಂದನ್ನು ಜೊತೆಗೆ ಕೊಟ್ಟು ಐದು ಹತ್ತು ರೂಪಾಯಿ ಸೇರಿಸಿ ಕೇಳಿದರೆ ಯಾರೂ ಇಲ್ಲವೆನ್ನುವುದಿಲ್ಲ. ಸೀರೆಗೆ ಹೊಂದುವ ಬ್ಯಾಂಡನ್ನು ಕಾರ್ಖಾನೆ ಕೊಡಲಾರದು. ಇನ್ನು ಸ್ವಂತಕ್ಕೆ ಹೊಲಿದುಕೊಳ್ಳುವ ಹುಡುಗಿಗೆ ಸಂಪಾದನೆಯ ಪ್ರಶ್ನೆಯೇ ಇಲ್ಲ. ಅವಳಿಗೆ ಉಳಿಯುವುದು ಸಂತೆಯಲ್ಲಿ ಕೊಡುವ ದುಡ್ಡು.

ಕಡೆಯದಾಗಿ ವಿದ್ಯಾರ್ಥಿಗಳಿಗೊಂದು ಕೆಲಸ. ಮಣ್ಣಿನ ಜೀವಂತಿಕೆಯನ್ನು ಅಳೆಯಲು ವಿಜ್ಞಾನಿಗಳು ಹತ್ತಿಯ ಪಟ್ಟಿಯನ್ನು ಹೂಳುವ ವಿಧಾನವೊಂದನ್ನು ಬಳಸುತ್ತಾರೆ. ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ಮಣ್ಣಿನ ಶಿಲೀಂಧ್ರ, ಬ್ಯಾಕ್ಟೀರಿಯಗಳಿಗೆ ಅದು ಊಟ. ಉಣ್ಣುವವರು ಹೆಚ್ಚಿದ್ದಷ್ಟೂ ಪಟ್ಟಿ ಬೇಗ ಬಲಗುಂದುತ್ತದೆ. ಬ್ಯಾಂಡು ಹೊಲಿದು ಉಳಿದ ಬಿಳಿಯ ಪಂಚೆಯಿಂದ 5 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಎಂಟು ಪಟ್ಟಿಗಳನ್ನು ಒಂದೇ ನೇಯ್ಗೆಯ ದಿಕ್ಕಿನಲ್ಲಿ ಕತ್ತರಿಸಬೇಕು. ಸೊಪ್ಪು ಮುಚ್ಚಿದ ಅಡಿಕೆ ತೋಟ, ಕಳೆನಾಶಕ ಹೊಡೆದ ಜಾಗ, ಅಕೇಶಿಯಾ ನೆಡುತೋಪು, ಸೊಪ್ಪಿನ ಬೆಟ್ಟ ಈ ನಾಲ್ಕು ಕಡೆ ಎರಡೆರಡು ಪಟ್ಟಿಗಳನ್ನು ಒಂದು ಗೇಣು ಆಳಕ್ಕಿಂತ ತುಸು ಮೇಲೆ, ಸುಮಾರು 15 ಸೆಂಟಿಮೀಟರಿನಲ್ಲಿ, ಹೂಳಬೇಕು. ನೀರು ನಿಲ್ಲುವ ಜಾಗ ಬೇಡ. ಗಾಳಿ ಆಡದ ಮಣ್ಣಿನಲ್ಲಿ ಫಲಿತಾಂಶ ತಪ್ಪುದಾರಿಗೆ ಎಳೆಯುತ್ತದೆ. ಪ್ರತಿ ಗುಂಡಿಗೆ ಒಂದು ಪಾಲಿಯೆಸ್ಟರ್ ಪಟ್ಟಿ, ಒಂದು ಹಳೆಯ ಹತ್ತಿಯ ಬ್ಯಾಂಡು ಕೂಡ ಹಾಕಬೇಕು. ಗೂಟ ನೆಟ್ಟು ಗುರುತಿಡುವುದನ್ನು ಮರೆತರೆ ಹುಡುಕುವುದರಲ್ಲೇ ದಿನ ಹೋಗುತ್ತದೆ.

ಜೂನಿನಲ್ಲಿ ಮಣ್ಣು ಹದವಾಗಿ ನೆನೆದ ಮೇಲೆ ಹೂಳಿ, 30 ದಿನಕ್ಕೊಂದು, 60 ದಿನಕ್ಕೊಂದು ಪಟ್ಟಿಯನ್ನು ತೆಗೆಯಬೇಕು. ತೆಗೆದ ಪಟ್ಟಿಯನ್ನು ಮೆಲ್ಲಗೆ ತೊಳೆದು ಒಣಗಿಸಿ, ಒಂದು ತುದಿಯನ್ನು ಕೊಂಬೆಗೆ ಕಟ್ಟಿ, ಇನ್ನೊಂದು ತುದಿಗೆ ಪಾತ್ರೆ ತೂಗುಹಾಕಿ, ಹರಿಯುವವರೆಗೆ ಲೋಟದಲ್ಲಿ ಅಳೆದು ನೀರು ಹೊಯ್ಯಬೇಕು. ಎಷ್ಟು ಲೋಟಕ್ಕೆ ಹರಿಯಿತು ಎಂಬುದೇ ಆ ಮಣ್ಣಿನ ಅಂಕ. ಕಡಿಮೆ ಲೋಟ ಎಂದರೆ ಹೆಚ್ಚು ಜೀವ. ಕೆಲವು ಕಡೆ ಅಳೆಯಲು ಪಟ್ಟಿಯೇ ಉಳಿದಿರಲಿಕ್ಕಿಲ್ಲ.

ಹೂತ ಬ್ಯಾಂಡನ್ನು ತೆಗೆದಾಗ ಒಂದು ವಿಚಿತ್ರ ಕಾಣಬಹುದು. ಬಟ್ಟೆ ಕರಗಿ, ಇಲಾಸ್ಟಿಕ್ ಉಳಿದು, ಅದರ ಸುತ್ತ ಹೊಲಿಗೆಯ ದಾರ ಮಾತ್ರ ಹೊಲಿದ ಗೆರೆಯಲ್ಲೇ ನಿಂತಿರುತ್ತದೆ. ಅಂಗಡಿಯಲ್ಲಿ ಸಿಗುವ ಹೊಲಿಗೆ ದಾರದ ಬಹುಪಾಲು ಪಾಲಿಯೆಸ್ಟರ್. ಹತ್ತಿಯ ದಾರ ಕೇಳಿದರೆ ಸಿಗುತ್ತದೆ. ಕೈಹೊಲಿಗೆಗೆ ಧಾರಾಳವಾಗಿ ಸಾಕು, ಯಂತ್ರಕ್ಕೆ ಹಾಕುವಾಗ ಎಳೆತವನ್ನು ತುಸು ಸಡಿಲಿಸಿಕೊಳ್ಳಬೇಕು.